ಹವಾಯಿಯ ಲೋಮಿಲೋಮಿ: ಅಮ್ಮನಿಗೆ ಮಾಡಿಸಬಹುದೇ?

ಕೊಡಚಾದ್ರಿಮಗಳು:
ಡಿಸೆಂಬರ್ ಕೊನೆಯ ವಾರದಲ್ಲಿ ನಾವು ಹವಾಯಿಯ ದೊಡ್ಡ ದ್ವೀಪಕ್ಕೆ ಹೋಗಿ ಕೋನಾ ಕಡೆ 8 ದಿನ ಉಳಿಯಲಿದ್ದೇವೆ. ಹೊಸನಗರದಿಂದ ಬಂದು ಸ್ಯಾನ್ ಹೋಸೆಯಲ್ಲಿ ನಮ್ಮೊಡನಿರುವ ಅಮ್ಮನೂ ಜೊತೆಗಿರುತ್ತಾರೆ. ಅವರಿಗೆ 68 ವರ್ಷ. ಎರಡೂ ಮೊಣಕಾಲು ಸವೆದಿವೆ. ಎಡಭುಜ ಕಳೆದ ವರ್ಷದಿಂದ ಹಿಡಿದುಕೊಂಡು, ಜಡೆ ಹೆಣೆದುಕೊಳ್ಳಲೂ ಕೈ ಏಳುವುದಿಲ್ಲ. ಅಲ್ಲಿನ ಸಾಂಪ್ರದಾಯಿಕ ಅಂಗಮರ್ದನವಾದ ಲೋಮಿಲೋಮಿಯನ್ನು ಅಮ್ಮನಿಗೂ ನನಗೂ ಒಮ್ಮೆ ಮಾಡಿಸಬೇಕೆಂಬ ಆಸೆ ನನಗಿದೆ. ಆದರೆ ಹೋಟೆಲಿನ ಪಟ್ಟಿಯನ್ನು ನೋಡಿದಾಗಿನಿಂದ ಗೊಂದಲ ಹೆಚ್ಚಿದೆ. ಒಂದೇ ಹೆಸರಿನಲ್ಲಿ 50 ನಿಮಿಷದ್ದು, 80 ನಿಮಿಷದ್ದು, ಬಿಸಿಕಲ್ಲಿನದ್ದು, ‘ಪ್ರಾಚೀನ ದೇವಾಲಯದ ವಿಧಾನ’ದ್ದು ಎಂದು ನಾಲ್ಕು ಬಗೆ ಇವೆ, ಮತ್ತು ಯಾವುದೂ 200 ಡಾಲರಿಗಿಂತ ಕಡಿಮೆಯಿಲ್ಲ.

ಇದು ನಮ್ಮ ಅಭ್ಯಂಗಕ್ಕಿಂತ ನಿಜವಾಗಿಯೂ ಬೇರೆಯೇ? ಹೋಟೆಲಿನಲ್ಲೇ ಮಾಡಿಸುವುದು ಒಳ್ಳೆಯದೋ, ಹೊರಗೆ ಬಲ್ಲವರನ್ನು ಹುಡುಕುವುದೋ? ಮೂರನೆಯದು ಅಮ್ಮನ ಪ್ರಶ್ನೆ, ನನಗೆ ಅದೇ ಮುಖ್ಯ: ಮೈಮೇಲೆ ಬಟ್ಟೆ ಎಷ್ಟು ಇರುತ್ತದೆ? ಬಾಣಂತನದಲ್ಲಿ ಎಣ್ಣೆ ಹಚ್ಚಿ ನೀರು ಹಾಕಿದ ನನ್ನ ಅಜ್ಜಿಯನ್ನು ಬಿಟ್ಟರೆ ಬೇರೆ ಯಾರೂ ಅವರ ಬೆನ್ನು ಮುಟ್ಟಿಲ್ಲ.

ನೇರಮಾತು:
ಉಡುಪಿಯಲ್ಲೋ ಕೇರಳದಲ್ಲೋ ಇದಕ್ಕಿಂತ ಉತ್ತಮವಾದ ಅಭ್ಯಂಗ ಹತ್ತನೆಯ ಒಂದು ಪಾಲು ಹಣಕ್ಕೆ ದೊರೆಯುತ್ತದೆ. ತಾಯಿಯವರು ಊರಿಗೆ ಮರಳಿದ ಮೇಲೆ ಮಾಡಿಸಿರಿ. ಹವಾಯಿಯಲ್ಲಿ ಸಮುದ್ರ ನೋಡಿರಿ.

ಹಿಲೋದಮಳೆ:
ನಾನು ಇದೇ ದ್ವೀಪದ ಪೂರ್ವದಲ್ಲಿರುವ ಹಿಲೋದಲ್ಲಿ 14 ವರ್ಷಗಳಿಂದ ಇದ್ದೇನೆ. ಇಲ್ಲಿನ ಒಂದು ಕುಟುಂಬದೊಡನೆ ಒಡನಾಟವಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಲೋಮಿ ಎಂದರೆ ಒತ್ತುವುದು, ನಾದುವುದು, ತಿಕ್ಕುವುದು. ನಾವು ‘ಒತ್ತಿ ಒತ್ತಿ’, ‘ತಿಕ್ಕಿ ತಿಕ್ಕಿ’ ಎನ್ನುವ ಹಾಗೆ ಅವರು ಅದನ್ನು ಎರಡು ಬಾರಿ ಹೇಳುತ್ತಾರೆ. ಟೊಮೇಟೊ, ಈರುಳ್ಳಿಗಳೊಡನೆ ಕೈಯಲ್ಲಿ ಹಿಸುಕಿ ಕಲೆಸುವ ಉಪ್ಪು ಹಾಕಿದ ಸಾಲ್ಮನ್ ಮೀನಿನ ತಿನಿಸಿಗೂ ಇಲ್ಲಿ ಲೋಮಿ ಎಂದೇ ಹೆಸರು. ಆದ್ದರಿಂದ ಆ ಪದ ಕೇಳಿದೊಡನೆ ದೇವಾಲಯ, ರಹಸ್ಯವಿದ್ಯೆ ಎಂದು ಕಲ್ಪಿಸಿಕೊಳ್ಳಬೇಕಾಗಿಲ್ಲ. ಅದು ಮೊದಲಿಗೆ ಮನೆಯ ವಿದ್ಯೆ. ಅಜ್ಜಿ ಮೊಮ್ಮಗುವಿಗೆ, ಹೆಂಡತಿ ಗಂಡನಿಗೆ, ದುಡಿದು ಬಂದವರಿಗೆ ಮನೆಯವರು ಮಾಡುತ್ತಿದ್ದುದು. ಬಲ್ಲವರು ಅದನ್ನೇ ಮುಂದುವರಿಸಿ ಚಿಕಿತ್ಸೆಯಾಗಿಯೂ ಬಳಸಿದರು.

ಅಭ್ಯಂಗಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಮೈಯೇ ಹೇಳುತ್ತದೆ. ಅಭ್ಯಂಗದಲ್ಲಿ ಬಿಸಿ ಎಣ್ಣೆ ಪ್ರಧಾನ; ಅಂಗೈ ಆ ಎಣ್ಣೆಯನ್ನು ಮೈಗೆ ಹಿಡಿಸುತ್ತದೆ. ಲೋಮಿಲೋಮಿಯಲ್ಲಿ ಎಣ್ಣೆ ಕೈ ಜಾರಲು ಬೇಕಾದಷ್ಟೇ. ಅದು ಕೊಬ್ಬರಿ ಎಣ್ಣೆಯಾಗಿರಬಹುದು, ಅಥವಾ ಇಲ್ಲಿನ ರಾಜ್ಯವೃಕ್ಷವಾದ ಕುಕುಯಿಯ ಬೀಜದ ಎಣ್ಣೆಯಾಗಿರಬಹುದು. ಮಾಡುವವರು ಬೆರಳಿಗಿಂತ ಹೆಚ್ಚಾಗಿ ಮುಂಗೈಯನ್ನೂ ಮೊಣಕೈಯನ್ನೂ ಬಳಸಿ, ಭುಜದಿಂದ ಸೊಂಟದವರೆಗೆ, ಕೆಲವೊಮ್ಮೆ ಹಿಮ್ಮಡಿಯವರೆಗೆ, ಎಲ್ಲಿಯೂ ಕಡಿಯದ ಒಂದೇ ಉದ್ದನೆಯ ಎಳೆತದಲ್ಲಿ ನೀವುತ್ತಾ ಹೋಗುತ್ತಾರೆ. ಅವರ ಉಸಿರು, ಸೊಂಟದ ತೂಗಾಟ, ಕೈಯ ಓಟ ಮೂರೂ ಒಂದೇ ಲಯದಲ್ಲಿರುತ್ತವೆ. ಆರಂಭಿಸುವ ಮೊದಲು ‘ಪುಲೆ’ ಎಂಬ ಪ್ರಾರ್ಥನೆ ಇರುತ್ತದೆ. ಆಮೇಲೆ ಅಂಗೈಯನ್ನು ಮೈಮೇಲಿಟ್ಟು ಎಲ್ಲಿ ಬಿಗಿ, ಎಲ್ಲಿ ಬಿಸಿ, ಎಲ್ಲಿ ತಣ್ಣಗೆ ಎಂದು ತಡವಿ ನೋಡುತ್ತಾರೆ. ಇದಕ್ಕೆ ‘ಹಾಹಾ’ ಎಂದು ಹೆಸರು. ನಮ್ಮ ನಾಟಿ ವೈದ್ಯರು ನಾಡಿ ಹಿಡಿದು ಸುಮ್ಮನೆ ಕೂರುವ ಹೊತ್ತು ನಿಮಗೆ ನೆನಪಿದ್ದರೆ, ಅದೇ ಬಗೆಯ ಮೌನ ಅದು.

ಬಟ್ಟೆಯ ವಿಷಯ ಅಮ್ಮನಿಗೆ ಧೈರ್ಯವಾಗಿ ತಿಳಿಸಿ. ಹೊದಿಕೆಯ ಕೆಳಗೆ ಒಂದೊಂದೇ ಅಂಗವನ್ನು ತೆರೆದು ಮತ್ತೆ ಮುಚ್ಚುತ್ತಾರೆ. ಒಳಉಡುಪು ತೊಟ್ಟೇ ಇರಬಹುದು. ತೆಳುವಾದ ಹತ್ತಿ ಬಟ್ಟೆಯನ್ನು ಪೂರ್ತಿ ಧರಿಸಿಯೇ ಮಾಡಿಸಿಕೊಳ್ಳುವ ಹಿರಿಯರೂ ಇಲ್ಲಿ ಇದ್ದಾರೆ. ಮಹಿಳೆಯೇ ಬೇಕೆಂದು ಕೇಳುವುದೂ ಸಹಜ. ಕಾಯ್ದಿರಿಸುವಾಗಲೇ ಇವನ್ನೆಲ್ಲ ಹೇಳಿಬಿಡಿ. ಮೇಜಿನ ಮೇಲೆ ಮಲಗಿದ ಮೇಲೆ ಹೇಳಲು ಅಮ್ಮನಿಗೆ ಸಂಕೋಚವಾಗುತ್ತದೆ.

ಶರಾವತಿತೀರ:
ಉತ್ತಮ ವಿವರಣೆ. ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್ ಹವಾಯಿಗೆ ಬಂದಾಗ ಅಲ್ಲಿನ ಹೆಂಗಸರು ಅವನಿಗೂ ಲೋಮಿಲೋಮಿ ಮಾಡಿ ಸೊಂಟನೋವನ್ನು ಗುಣಪಡಿಸಿದರು ಎಂದು ಎಲ್ಲೋ ಓದಿದ್ದೇನೆ.

ಹಿಲೋದಮಳೆ:
ಚಿಕ್ಕ ತಿದ್ದುಪಡಿ: ಅದು ನಡೆದದ್ದು ಹವಾಯಿಯಲ್ಲಲ್ಲ, ದಕ್ಷಿಣ ಪೆಸಿಫಿಕ್‌ನ ತಾಹಿತಿ ದ್ವೀಪದಲ್ಲಿ, 1777ರಲ್ಲಿ. ಕುಕ್‌ಗೆ ಸೊಂಟದಿಂದ ಪಾದದವರೆಗೆ ನೋವಿತ್ತು. ಅಲ್ಲಿನ ಅರಸನ ತಾಯಿ, ಸೋದರಿಯರು ಮತ್ತು ಇತರರು ಸೇರಿ 12 ಮಂದಿ ಹೆಂಗಸರು ಹಡಗಿಗೇ ಬಂದು, ಸುತ್ತಲೂ ಕುಳಿತು, ಎರಡೂ ಕೈಗಳಿಂದ ತಲೆಯಿಂದ ಕಾಲಿನವರೆಗೆ ಹಿಸುಕಿದರು. ಕೆಲವು ಬಾರಿ ಹಾಗೆ ಮಾಡಿದ ಮೇಲೆ ನೋವು ಹೋಯಿತೆಂದು ಅವನೇ ದಾಖಲಿಸಿದ್ದಾನೆ. ಅದನ್ನು ಅಲ್ಲಿ ‘ರೋಮಿ’ ಎನ್ನುತ್ತಿದ್ದರೆಂದು ಅವನು ಬರೆದುಕೊಂಡಿದ್ದಾನೆ. ರೋಮಿ, ಲೋಮಿ ಎರಡೂ ಒಂದೇ ಪದ. ಅಲ್ಲಿನ ರಕಾರ ಇಲ್ಲಿ ಲಕಾರವಾಗಿದೆ. ಕುಕ್ ಹವಾಯಿಯಲ್ಲಿ ಕಂಡದ್ದು ಸಾವನ್ನು: 1779ರ ಫೆಬ್ರವರಿ 14ರಂದು ಕೇಅಲಕೇಕುವಾ ಕೊಲ್ಲಿಯಲ್ಲಿ. ಆ ಕೊಲ್ಲಿ ಕೋನಾದಿಂದ ದಕ್ಷಿಣಕ್ಕೆ ತುಸು ದೂರದಲ್ಲಿದೆ.

ಗರಡಿಮನೆ:
ನೇರಮಾತು ಅವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕುವುದೆಲ್ಲ ಒಂದೇ ಎಂದರೆ ನಮ್ಮದೇ ನೆಲದ ಬಗೆಗಳನ್ನೂ ಅಳಿಸಿದಂತಾಗುತ್ತದೆ. ನಾನು ಮೈಸೂರಿನವನು. ದಸರೆಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಜಟ್ಟಿಗಳ ಮನೆತನಗಳಲ್ಲಿ ಕುಸ್ತಿಯೊಡನೆ ಅಂಗಮರ್ದನವೂ ಮುರಿದ ಮೂಳೆ ಕೂರಿಸುವುದೂ ತಲೆಮಾರುಗಳಿಂದ ಬಂದಿವೆ. ಚಿಕ್ಕವನಿದ್ದಾಗ ನನ್ನ ಉಳುಕಿದ ಪಾದವನ್ನು ನೀವಿದ ಹಿರಿಯರ ಕೈಗೂ, ಇಂದು ಹೋಟೆಲಿನಲ್ಲಿ ಆಯುರ್ವೇದವೆಂಬ ಹೆಸರಿನಲ್ಲಿ ನಡೆಯುವುದಕ್ಕೂ ಎಷ್ಟು ಅಂತರವಿದೆ ಎಂಬುದು ನನಗೆ ಗೊತ್ತು. ಹವಾಯಿಯವರಿಗೂ ಅದೇ ಅಂತರ ನೋವು ಕೊಡುತ್ತಿರಬೇಕು.

ನೇರಮಾತು:
ನಾನು ಹೇಳಿದ್ದು ವಿದ್ಯೆಯ ಬಗ್ಗೆ ಅಲ್ಲ, ವ್ಯಾಪಾರದ ಬಗ್ಗೆ. ಜಟ್ಟಿಗಳ ಕೈ ಸಿಗಬೇಕಾದರೆ ಮೈಸೂರಿನ ಗರಡಿಗೆ ಹೋಗಬೇಕು, ಪಂಚತಾರಾ ಹೋಟೆಲಿಗೆ ಅಲ್ಲ. ಹವಾಯಿಯ ಹೋಟೆಲಿನಲ್ಲಿ ಸಿಗುವುದು ಹವಾಯಿಯದ್ದು ಎಂಬುದಕ್ಕೆ ಏನು ಖಾತರಿ?

ಸಿಯಾಟಲ್‌ಕನ್ನಡತಿ:
ಖಾತರಿ ಇಲ್ಲ ಎಂಬುದಕ್ಕೆ ನನ್ನ ಅನುಭವವೇ ಇದೆ. ನಾಲ್ಕು ವರ್ಷಗಳ ಹಿಂದೆ ವೈಕೀಕೀಯ ಒಂದು ದೊಡ್ಡ ಹೋಟೆಲಿನಲ್ಲಿ 50 ನಿಮಿಷದ ಲೋಮಿಲೋಮಿ ಮಾಡಿಸಿದೆ. ಹಿಂದಿನ ದಿನ ಎರಡು ಗಂಟೆ ನೀರಿನಲ್ಲಿ ಮೀನು ನೋಡುತ್ತಾ ಈಜಿದ್ದರಿಂದ ಬೆನ್ನು ಬಿಸಿಲಿಗೆ ಸುಟ್ಟು ಕೆಂಪಾಗಿತ್ತು. ಅರ್ಜಿಯಲ್ಲಿ ಅದರ ಪ್ರಶ್ನೆಯಿರಲಿಲ್ಲ, ಒಳಗೂ ಯಾರೂ ಕೇಳಲಿಲ್ಲ. ಆಕೆ ಮುಂಗೈಯನ್ನಿಟ್ಟು ಎಳೆದಾಗ ನಾನು ಅತ್ತುಬಿಟ್ಟೆ. ನಿಲ್ಲಿಸಿದ ಮೇಲೂ ಪೂರ್ತಿ ಹಣ, ತೆರಿಗೆ, ಶೇ. 20ರ ಸೇವಾಶುಲ್ಕ ಎಲ್ಲವನ್ನೂ ಬರೆದರು. ಪ್ರಾರ್ಥನೆಯಂತೂ ದೂರ, ನನ್ನ ಹೆಸರನ್ನು ಕೂಡ ಸರಿಯಾಗಿ ಕೇಳಲಿಲ್ಲ. ಆದ್ದರಿಂದ ಮೊದಲ ದಿನವೇ, ಬಿಸಿಲಿಗೆ ಇಳಿಯುವ ಮುನ್ನ ಮಾಡಿಸಿಕೊಳ್ಳಿ.

ಭೌತಚಿಕಿತ್ಸಕಿ:
ಮೊದಲ ದಿನ ಎಂಬುದಕ್ಕೆ ನನ್ನದೊಂದು ಎಚ್ಚರಿಕೆಯಿದೆ. ನಾನು ಹುಬ್ಬಳ್ಳಿಯಲ್ಲಿ 19 ವರ್ಷಗಳಿಂದ ಭೌತಚಿಕಿತ್ಸೆ ಮಾಡುತ್ತಿದ್ದೇನೆ. ಸ್ಯಾನ್ ಹೋಸೆಯಿಂದ ಕೋನಾಕ್ಕೆ ಐದು ಗಂಟೆಗೂ ಮೀರಿದ ವಿಮಾನಯಾನ. 68ರ ವಯಸ್ಸಿನವರು ಅಷ್ಟು ಹೊತ್ತು ಕಾಲು ಮಡಚಿ ಕುಳಿತಾಗ ಮೀನಖಂಡದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಾಧ್ಯತೆ, ಕಡಿಮೆಯೇ ಆದರೂ, ಇದ್ದೇ ಇದೆ. ಇಳಿದ ಮೇಲೆ ಒಂದೇ ಕಾಲು ಊದಿದ್ದರೆ, ಬಿಸಿಯಾಗಿದ್ದರೆ ಅಥವಾ ನೋಯುತ್ತಿದ್ದರೆ ಅದನ್ನು ತಿಕ್ಕಿಸಲೇಬಾರದು, ವೈದ್ಯರಲ್ಲಿಗೆ ಹೋಗಬೇಕು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯವಿದೆ. ಒಂದೆರಡು ದಿನ ನಡೆದಾಡಿ ಮೈ ಹಗುರಾದ ಮೇಲೆ ಮಾಡಿಸುವುದು ಒಳ್ಳೆಯದು.

ಅಮ್ಮನವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆಯೇ? ಹಾಗಿದ್ದರೆ ಮೊಣಕೈಯ ಗಾಢವಾದ ಒತ್ತಡ ಬೇಡ, ಮೈಯೆಲ್ಲ ಕಂದುಗಟ್ಟುತ್ತದೆ. ಕುಕುಯಿ ಎಂಬುದು ಬೀಜದ ಎಣ್ಣೆಯಾದ್ದರಿಂದ ಗೋಡಂಬಿ, ಅಕ್ರೋಟು ಒಗ್ಗದವರು ಮೊದಲೇ ತಿಳಿಸಿ ಬೇರೆ ಎಣ್ಣೆ ಕೇಳಬೇಕು. ಇನ್ನು ಭುಜದ ವಿಚಾರ: ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ಹೀಗೆ ಹಿಡಿದುಕೊಳ್ಳುವುದು ಹೆಚ್ಚು. ಸಕ್ಕರೆಯ ಪರೀಕ್ಷೆ ಮಾಡಿಸಿದ್ದೀರಾ? ಅಂಗಮರ್ದನದಿಂದ ಸುತ್ತಲಿನ ಸ್ನಾಯುಗಳು ಸಡಿಲಗೊಂಡು ಕೆಲವು ದಿನ ನೋವು ತಗ್ಗಬಹುದು. ಆದರೆ ಕೀಲಿನ ಸುತ್ತಲಿನ ಪೊರೆಯೇ ಬಿಗಿದಿರುವುದರಿಂದ ಅದು ಒಂದು ದಿನದಲ್ಲಿ ಬಿಡುವುದಿಲ್ಲ. ಒಂದರಿಂದ ಮೂರು ವರ್ಷಗಳವರೆಗೂ ಹಿಡಿಯುವುದುಂಟು. ಗುಣವಾಗುತ್ತದೆ ಎಂಬ ಆಸೆ ತೋರಿಸಿ ಕರೆದೊಯ್ಯಬೇಡಿ.

ಕೊಡಚಾದ್ರಿಮಗಳು:
ಇಷ್ಟು ಬೇಗ ಇಷ್ಟೊಂದು ಉತ್ತರಗಳಿಗೆ ಕೃತಜ್ಞಳಾಗಿದ್ದೇನೆ. ರಕ್ತ ತೆಳುವಾಗಿಸುವ ಮಾತ್ರೆಯಿಲ್ಲ. ಸಕ್ಕರೆ ಅಂಚಿನಲ್ಲಿದೆ ಎಂದು ಇಲ್ಲಿನ ವೈದ್ಯರು ಹೇಳಿದ್ದಾರೆ. ಭುಜಕ್ಕೂ ಅದಕ್ಕೂ ನಂಟಿರುವುದು ನನಗೆ ತಿಳಿದಿರಲಿಲ್ಲ. ಹೋಟೆಲಿನ ಆಲೋಚನೆಯನ್ನು ಬಿಡುತ್ತಿದ್ದೇನೆ. ಹಾಗಾದರೆ ಬಲ್ಲವರನ್ನು ಗುರುತಿಸುವುದು ಹೇಗೆ? ‘ಪ್ರಾಚೀನ ದೇವಾಲಯದ ಕಹುನಾ ವಿಧಾನ’ ಎಂದು ಬರೆದುಕೊಂಡವರೇ ಹೆಚ್ಚು ಅಧಿಕೃತರೇ?

ಓದುಗ_ಧಾರವಾಡ:
ನನ್ನ ಓದಿನ ಪ್ರಕಾರ ಹಾಗೆ ಬರೆದುಕೊಂಡವರ ಬಗ್ಗೆಯೇ ಹೆಚ್ಚು ಎಚ್ಚರವಾಗಿರಬೇಕು. ಕಹುನಾ ಎಂದರೆ ಯಾವುದಾದರೊಂದು ವಿದ್ಯೆಯಲ್ಲಿ ಪರಿಣತನಾದವನು. ದೋಣಿ ಕೆತ್ತುವವನೂ ಕಹುನಾ, ಗಿಡಮೂಲಿಕೆ ಬಲ್ಲವನೂ ಕಹುನಾ. ಅದು ಸಮುದಾಯ ಕೊಡುವ ಗೌರವವೇ ಹೊರತು ಫಲಕದಲ್ಲಿ ತಾನೇ ಬರೆದುಕೊಳ್ಳುವ ಬಿರುದಲ್ಲ. ದೇವಾಲಯದ ವಿಧಾನ ಎಂದು ಇಂದು ಕರೆಯುವುದು ಬಹುಮಟ್ಟಿಗೆ ಕೌಆಯಿ ದ್ವೀಪದ ಏಬ್ರಹಾಂ ಕವಾಯಿ ಎಂಬವರಿಂದ 20ನೆಯ ಶತಮಾನದ ಉತ್ತರಾರ್ಧದಲ್ಲಿ ಹೊರಜಗತ್ತಿಗೆ ಹರಡಿದ ಶೈಲಿ. ಅದರಲ್ಲಿ ಶಕ್ತಿಯಿದೆ, ಆದರೆ ಅದೊಂದೇ ಲೋಮಿಲೋಮಿ ಅಲ್ಲ. ಇನ್ನು ‘ಹೂನಾ’ ಎಂಬ ತತ್ತ್ವದ ಮಾತು ಅದರೊಡನೆ ಬಂದರೆ, ಅದು 1917ರಲ್ಲಿ ಹವಾಯಿಗೆ ಶಿಕ್ಷಕನಾಗಿ ಬಂದ ಮ್ಯಾಕ್ಸ್ ಫ್ರೀಡಂ ಲಾಂಗ್ ಎಂಬ ಅಮೆರಿಕನ್ನನು ಕಟ್ಟಿದ್ದು, ಹವಾಯಿಯ ಹಿರಿಯರಿಂದ ಬಂದದ್ದಲ್ಲ.

ನೇರಮಾತು:
ಅಂದರೆ ಒಬ್ಬ ಅಮೆರಿಕನ್ ಕಟ್ಟಿದ ತತ್ತ್ವವನ್ನು ಹವಾಯಿಯದ್ದೆಂದು ಮಾರುತ್ತಿದ್ದಾರೆ. ನಾನು ಮೊದಲೇ ಹೇಳಿದ್ದೂ ಇದನ್ನೇ.

ಹಿಲೋದಮಳೆ:
ಅರ್ಧ ಸರಿ. ಮಾರುವವರು ಇದ್ದಾರೆ ಎಂಬುದರಿಂದ ವಿದ್ಯೆ ಇಲ್ಲವಾಗುವುದಿಲ್ಲ. ಸ್ವಲ್ಪ ಇತಿಹಾಸ ಹೇಳದೆ ಇದು ಅರ್ಥವಾಗುವುದಿಲ್ಲ. 1819ರಲ್ಲಿ ಇಲ್ಲಿನ ಅರಸುಮನೆತನವೇ ‘ಕಾಪು’ ಎಂಬ ಹಳೆಯ ಧಾರ್ಮಿಕ ನಿಷೇಧಗಳ ಕಟ್ಟಳೆಯನ್ನು ಮುರಿಯಿತು, ಮರುವರ್ಷ ಮಿಷನರಿಗಳು ಬಂದರು. 1893ರಲ್ಲಿ ರಾಣಿಯನ್ನು ಪದಚ್ಯುತಗೊಳಿಸಿದರು, 1898ರಲ್ಲಿ ಅಮೆರಿಕ ದ್ವೀಪಗಳನ್ನು ಸೇರಿಸಿಕೊಂಡಿತು. 1896ರಿಂದ ಶಾಲೆಗಳಲ್ಲಿ ಪಾಠದ ಭಾಷೆ ಇಂಗ್ಲಿಷ್ ಮಾತ್ರವಾಯಿತು. ಭಾಷೆಯನ್ನೇ ಮಕ್ಕಳ ಬಾಯಿಯಿಂದ ಕಿತ್ತುಕೊಂಡ ಆ ಕಾಲದಲ್ಲಿ, ಪ್ರಾರ್ಥನೆಯೊಡನೆ ಬೆಸೆದುಕೊಂಡಿದ್ದ ವೈದ್ಯವೂ ಮನೆಯ ಒಳಕೋಣೆಗೆ ಸರಿಯಿತು. ಅಲ್ಲಿ ಅದು ಸಾಯಲಿಲ್ಲ. ಅಜ್ಜಿಯರು, ಅಜ್ಜಂದಿರು ಮೊಮ್ಮಕ್ಕಳಲ್ಲಿ ಯಾರ ಕೈ ತಕ್ಕದ್ದೆಂದು ನೋಡಿ ಅವರಿಗೆ ಮಾತ್ರ ಕಲಿಸಿದರು.

ಆ ಬಾಗಿಲನ್ನು ಹೊರಗಿನವರಿಗೆ ತೆರೆದವರಲ್ಲಿ ಮುಖ್ಯರು ಮಾರ್ಗರೆಟ್ ಮಚಾಡೊ, ಎಲ್ಲರ ಬಾಯಲ್ಲೂ ‘ಆಂಟಿ ಮಾರ್ಗರೆಟ್’. 1916ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ಅಜ್ಜನಿಂದ ಕಲಿತವರು, ದಕ್ಷಿಣ ಕೋನಾದ ಕೇಏ ಕಡಲತೀರದಲ್ಲಿ ಕಲಿಸಿದವರು. 1970ರ ದಶಕದಲ್ಲಿ ಹವಾಯಿಯೇತರರಿಗೂ ಕಲಿಸತೊಡಗಿದಾಗ ತಮ್ಮವರಿಂದಲೇ ಆಕ್ಷೇಪ ಕೇಳಿದರು. ಲೋಮಿಲೋಮಿಯನ್ನು ಅವರು ಪ್ರಾರ್ಥನೆಯ ಕೆಲಸವೆಂದೇ ತಿಳಿದಿದ್ದರು. ನೀವು ಹೋಗುತ್ತಿರುವ ಕೋನಾದಲ್ಲಿಯೇ ಅವರ ಪರಂಪರೆಯವರು ಇದ್ದಾರೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ನಿಮಗೆ ಯಾರು ಕಲಿಸಿದರು? ಬಲ್ಲವರು ಈ ಪ್ರಶ್ನೆಗೆ ಸಂತೋಷಪಡುತ್ತಾರೆ. ಗುರುವಿನ ಹೆಸರು, ಅವರ ಗುರುವಿನ ಹೆಸರು, ಊರು ಎಲ್ಲವನ್ನೂ ಹೇಳುತ್ತಾರೆ. ಅದರೊಡನೆ ಪರವಾನಗಿಯನ್ನೂ ನೋಡಿ. ಹಣ ಪಡೆದು ಅಂಗಮರ್ದನ ಮಾಡಲು ಈ ರಾಜ್ಯದಲ್ಲಿ 570 ಗಂಟೆಗಳ ಶಿಕ್ಷಣವೂ ಪರವಾನಗಿಯೂ ಬೇಕು, ಪರವಾನಗಿಯ ಸಂಖ್ಯೆಯನ್ನು ಜಾಹೀರಾತಿನಲ್ಲಿಯೇ ಕೊಟ್ಟಿರುತ್ತಾರೆ. ಸಾಂಪ್ರದಾಯಿಕ ಚಿಕಿತ್ಸಕರ ವಿಷಯದಲ್ಲಿ ಪಾಪಾ ಓಲಾ ಲೋಕಾಹಿ ಎಂಬ ಸಂಸ್ಥೆ ಕೂಡಿಸುವ ‘ಕುಪುನಾ’, ಎಂದರೆ ಹಿರಿಯರ, ಮಂಡಳಿಯ ಮಾನ್ಯತೆಯನ್ನು ರಾಜ್ಯದ ಕಾನೂನು ಒಪ್ಪುತ್ತದೆ. ಆದರೆ ಅಂಥ ಹಿರಿಯರು ಪ್ರವಾಸಿಗರಿಗಾಗಿ ಕಾದು ಕುಳಿತಿರುವುದಿಲ್ಲ, ಅದನ್ನು ನಿರೀಕ್ಷಿಸಲೂಬಾರದು.

ಶರಾವತಿತೀರ:
ಹೊಟ್ಟೆಗೂ ಮಾಡುತ್ತಾರೆಯೇ? ನಮ್ಮಲ್ಲಿ ಭಾರ ಎತ್ತಿ ‘ಬಟ್ಟಿ ಸರಿಯಿತು’ ಎಂದರೆ ಹೊಕ್ಕುಳ ಸುತ್ತ ಎಣ್ಣೆ ಹಚ್ಚಿ ನೀವುವ ಅಜ್ಜಿಯರಿದ್ದರು.

ಹಿಲೋದಮಳೆ:
ಮಾಡುತ್ತಾರೆ, ‘ಓಪೂ ಹುಲಿ’ ಎನ್ನುತ್ತಾರೆ. ಓಪೂ ಎಂದರೆ ಹೊಟ್ಟೆ, ಹುಲಿ ಎಂದರೆ ತಿರುಗಿಸುವುದು. ಅಜೀರ್ಣಕ್ಕೆ ಮನೆಮನೆಯ ಉಪಾಯ ಅದು. ಎಳೆಯ ಮಗುವಿನ ಕೈಕಾಲು, ಮೂಗುಗಳನ್ನು ತೀಡಿ ತಿದ್ದುವುದೂ ಇಲ್ಲಿ ಇತ್ತು, ನಮ್ಮಲ್ಲಿನ ಹಾಗೆಯೇ.

ಗರಡಿಮನೆ:
ಬೆನ್ನಿನ ಮೇಲೆ ಕಾಲಿಟ್ಟು ತುಳಿಯುವುದು?

ಹಿಲೋದಮಳೆ:
ಅದೂ ಇತ್ತು. ಜೊತೆಗೆ ತನ್ನ ಬೆನ್ನನ್ನು ತಾನೇ ಒತ್ತಿಕೊಳ್ಳಲು ಕೊಕ್ಕೆಯಂತೆ ಬಾಗಿದ ಕೋಲೊಂದು ಇದೆ, ಸೀಬೆಮರದ ಕೊಂಬೆಯಿಂದ ಮಾಡಿದ್ದನ್ನು ಇಂದೂ ಸಂತೆಗಳಲ್ಲಿ ಮಾರುತ್ತಾರೆ.

ಸಿಯಾಟಲ್‌ಕನ್ನಡತಿ:
ಪ್ರಾರ್ಥನೆಯ ಬಗ್ಗೆ ನನಗೊಂದು ಕಸಿವಿಸಿಯಿದೆ. ನಾವು ಪ್ರವಾಸಿಗರು, ಅವರ ಪ್ರಾರ್ಥನೆಯನ್ನು ಹಣ ಕೊಟ್ಟು ಕೊಳ್ಳುವುದು ಸರಿಯೇ? ಉಡುಪಿಯ ಮಠದಲ್ಲಿ ಯಾರಾದರೂ ಪೂಜೆಯನ್ನು 80 ನಿಮಿಷದ ಪೊಟ್ಟಣವಾಗಿ ಮಾರಿದರೆ ನಮಗೆ ಹೇಗನಿಸುತ್ತದೆ?

ಓದುಗ_ಧಾರವಾಡ:
ನಮ್ಮ ದೇವಸ್ಥಾನಗಳಲ್ಲಿ ಸೇವೆಗಳ ದರಪಟ್ಟಿಯನ್ನು ಗೋಡೆಗೆ ಬರೆದಿರುತ್ತಾರೆ, ಆದರೂ ಭಕ್ತಿ ಇದೆ. ಹಣ ಕೊಡುವುದು ತಪ್ಪಲ್ಲ. ಪ್ರಾರ್ಥನೆಯನ್ನು ಹಿನ್ನೆಲೆ ಸಂಗೀತದಂತೆ ಕೇಳಿಸಿಕೊಳ್ಳುವುದು ತಪ್ಪು. ಆ ಒಂದು ನಿಮಿಷ ನಾವೂ ಕಣ್ಣು ಮುಚ್ಚಿ ಸುಮ್ಮನಿದ್ದರೆ ಸಾಕು.

ನೇರಮಾತು:
ಈ ಮಾತನ್ನು ಒಪ್ಪುತ್ತೇನೆ. ತಾಯಿಯವರಿಗೆ ಒಳ್ಳೆಯದಾಗಲಿ. ಹೋಗಿ ಬಂದ ಮೇಲೆ ನಿಜವಾಗಿ ಏನಾಯಿತೆಂದು ಬರೆಯಿರಿ, ಮುಚ್ಚಿಡಬೇಡಿ.

ಕೊಡಚಾದ್ರಿಮಗಳು:
ಜನವರಿಯಲ್ಲಿ ಮರಳಿ ಬಂದು ಬರೆಯುತ್ತಿದ್ದೇನೆ. ನೇರಮಾತು ಅವರು ಕೇಳಿದಂತೆ ಏನನ್ನೂ ಮುಚ್ಚಿಡುವುದಿಲ್ಲ.

ಕೇಅಲಕೇಕುವಾ ಕೊಲ್ಲಿಯ ಮೇಲಿನ ಇಳಿಜಾರಿನಲ್ಲಿ, ಕಾಫಿ ತೋಟಗಳ ನಡುವಿನ ಒಂದು ಮನೆಯಲ್ಲಿ ನಮಗೆ ಸಮಯ ಸಿಕ್ಕಿತು. ಮಾಡಿದವರು 60 ದಾಟಿದ ಹವಾಯಿಯ ಮಹಿಳೆ. ಯಾರು ಕಲಿಸಿದರು ಎಂದು ದೂರವಾಣಿಯಲ್ಲಿ ಕೇಳಿದಾಗ ಅವರು ತಮ್ಮ ಅಜ್ಜಿಯ ವಿಷಯವನ್ನು ಹತ್ತು ನಿಮಿಷ ಹೇಳಿದರು. ಒಬ್ಬೊಬ್ಬರಿಗೆ ಒಂದೂವರೆ ಗಂಟೆ, 150 ಡಾಲರ್. ಅಮ್ಮ ಹಳೆಯ ಹತ್ತಿ ಸೀರೆಯೊಂದನ್ನು ತಂದಿದ್ದರು. ಆಕೆ ತಮ್ಮ ಹೊದಿಕೆಯನ್ನು ತೆಗೆದಿಟ್ಟು ಆ ಸೀರೆಯನ್ನೇ ಎರಡು ಮಡಿಕೆ ಮಾಡಿ ಹೊದಿಸಿದರು. ಅಲ್ಲಿಗೆ ಅಮ್ಮನ ಭಯ ಹೋಯಿತು. ಅಂಗಳದಲ್ಲಿ ಕೆಸುವಿನ ಗಿಡಗಳಿದ್ದವು, ಅರಿಶಿನವೂ ಇತ್ತು. ಅವರ ಪೂರ್ವಿಕರು ದೋಣಿಯಲ್ಲಿ ಹೊತ್ತು ತಂದ ಗಿಡಗಳಂತೆ ಅವು: ಕೆಸು ‘ಕಾಲೋ’, ಅರಿಶಿನ ‘ಓಲೇನಾ’. ಅಮ್ಮ ಪತ್ರೊಡೆ ಮಾಡುವ ಕ್ರಮವನ್ನು ಕನ್ನಡದಲ್ಲೇ ಹೇಳಿದರು, ನಾನು ಅನುವಾದಿಸಿದೆ.

ಪ್ರಾರ್ಥನೆಗೆ ಮೊದಲು ಆಕೆ ಅಮ್ಮನ ಅನುಮತಿ ಕೇಳಿದರು. ಅವರು ಹವಾಯಿ ಭಾಷೆಯಲ್ಲಿ ಹೇಳುತ್ತಿದ್ದಾಗ ಅಮ್ಮ ತಮ್ಮಷ್ಟಕ್ಕೆ ರಾಯರ ಶ್ಲೋಕ ಹೇಳಿಕೊಂಡರು. ಆಮೇಲೆ ಆಕೆ ಅಮ್ಮನ ಎಡಭುಜದ ಮೇಲೆ ಕೈಯಿಟ್ಟು ಎಷ್ಟು ಹೊತ್ತು ಸುಮ್ಮನಿದ್ದರೆಂದರೆ, ಏನೋ ತೊಂದರೆಯಾಗಿದೆಯೆಂದು ನಾನು ಹೆದರಿದೆ. ಭುಜವನ್ನು ಬಹಳ ಮೆಲ್ಲಗೆ, ಹೆಚ್ಚಾಗಿ ಬೆನ್ನಿನ ಕಡೆಯಿಂದ ನೀವಿದರು. ಅಂದು ಸಂಜೆ ಅಮ್ಮನ ಕೈ ಕಿವಿಯವರೆಗೆ ಎದ್ದಿತು. ನಾಲ್ಕು ದಿನ ಹಾಗೆಯೇ ಇತ್ತು, ಆಮೇಲೆ ಮತ್ತೆ ಬಿಗಿಯಿತು, ಆದರೆ ಮೊದಲಿನಷ್ಟಲ್ಲ. ರಾತ್ರಿ ಭುಜದ ನೋವಿಗೆ ಎಚ್ಚರವಾಗುವುದು ಈಗ ಕಡಿಮೆಯಾಗಿದೆ.

ಮೊಣಕಾಲನ್ನು ಮಾತ್ರ ಆಕೆ ನೀವಲು ಒಪ್ಪಲಿಲ್ಲ. ಬಲ ಮೊಣಕಾಲಿನ ಮೇಲೆ ಅಂಗೈಯಿಟ್ಟು ನೋಡಿ, ಇದು ಬಿಸಿಯಾಗಿದೆ, ಇಂದು ಇದಕ್ಕೆ ಬೇಕಾದದ್ದು ವಿಶ್ರಾಂತಿ ಎಂದರು. ತೊಡೆ ಮತ್ತು ಪಾದಗಳನ್ನಷ್ಟೇ ನೀವಿದರು. ಅಮ್ಮನಿಗೆ ಇದು ಈಗಲೂ ಅಸಮಾಧಾನ. ಹೋದದ್ದು ಮೊಣಕಾಲಿಗಾಗಿ ಎಂಬುದು ಅವರ ವಾದ.

ಹಿಲೋದಮಳೆ:
ಬೇಡ ಎನ್ನಲು ಬಲ್ಲವರ ಕೈಗೇ ನಿಮ್ಮ ಅಮ್ಮ ಸಿಕ್ಕಿದ್ದಾರೆ. ಓದಿ ಮನಸ್ಸು ತುಂಬಿತು.

ಭೌತಚಿಕಿತ್ಸಕಿ:
ಮೊಣಕಾಲು ಬಿಸಿಯಾಗಿದ್ದದ್ದು ಅಂದು ಮಾತ್ರವೇ, ಈಗಲೂ ಇದೆಯೇ? ಊತ ಇದೆಯೇ? ಹಿಂದಿನ ದಿನ ಹೆಚ್ಚು ನಡೆದಿದ್ದರೇ?

ಕೊಡಚಾದ್ರಿಮಗಳು:
ಹಿಂದಿನ ದಿನ ಜ್ವಾಲಾಮುಖಿ ಉದ್ಯಾನದಲ್ಲಿ ಗಟ್ಟಿಯಾದ ಲಾವಾದ ಮೇಲೆ ಎರಡು ಗಂಟೆ ನಡೆದಿದ್ದೆವು. ಬಿಸಿ ಈಗ ಇಳಿದಿದೆ, ಆದರೆ ಚಿಪ್ಪಿನ ಮೇಲ್ಭಾಗದಲ್ಲಿ ಸ್ವಲ್ಪ ಊತ ಉಳಿದಿದೆ.

ಭೌತಚಿಕಿತ್ಸಕಿ:
ಹಾಗಿದ್ದರೆ ಕೀಲಿನಲ್ಲಿ ನೀರು ತುಂಬಿರಬಹುದು. ಮೂಳೆ ವೈದ್ಯರಿಗೆ ತೋರಿಸುವವರೆಗೆ ಮನೆಯಲ್ಲಿಯೂ ಅದನ್ನು ತಿಕ್ಕಬೇಡಿ, ಬಿಸಿನೀರಿನ ಶಾಖವನ್ನೂ ಕೊಡಬೇಡಿ.

ಕೊಡಚಾದ್ರಿಮಗಳು:
ಗುರುವಾರಕ್ಕೆ ವೈದ್ಯರ ಸಮಯ ಸಿಕ್ಕಿದೆ. ಶಾಖ ಕೊಡುವುದನ್ನು ಇಂದಿನಿಂದಲೇ ನಿಲ್ಲಿಸುತ್ತೇವೆ.